ಆರ್ನೋ ಎಂಬ ತಪ್ಪು

ಎಂಪೊಲಿಯ ಹಳೆ ಗಾಜಿನ ಕಾರ್ಖಾನೆಯ ಹಿಂಬದಿಗೆ
ಹಸಿರು ಸೀಸೆ ಎಣಿಸುತ್ತಿದ್ದ ಕೋಣೆ.
ಅಲ್ಲೀಗ ಎರಡು ಕ್ಯಾಮೆರಾ, ದಂತವೈದ್ಯರು ಬಿಸಾಕಿದ ದೀಪ,
ನಡುವೆ ಮರದ ತೊಟ್ಟಿಲು.
ತೊಟ್ಟಿಲಲ್ಲಿ ಬೆನ್ನು ನೋಯದಂತೆ ಅರೆತೆರೆದು ಮಲಗಿದೆ
ಲ್ಯಾಟಿನ್ ಪುಸ್ತಕ, ಸಾವಿರದೇಳುನೂರರ ಅಚ್ಚು,
ಮಾತು ಅದಕ್ಕಿಂತ ಸಾವಿರದೈನೂರು ವರುಷ ಹಿರಿಯದು.

ನಿವೆಸ್ ಪುಟ ಮಗುಚುತ್ತಾಳೆ.
ಕಾಲಡಿ ಪೆಡಲು; ಒತ್ತಿದರೆ ಕ್ಲಿಕ್ಕು.
ಹೊಲಿಗೆ ಯಂತ್ರದ್ದು ಅದು, ದುಯಿಲಿಯೊ ಜೋಡಿಸಿದ್ದು,
ಕಾಫಿ ಯಂತ್ರಗಳ ರಿಪೇರಿಯವನು;
ಲ್ಯಾಟಿನ್ನಿನಲ್ಲಿ ಅವನಿಗೆ ಗೊತ್ತಿರುವುದು
ಅಜ್ಜಿಯ ಗೋರಿಯ ಮೇಲಿನ ಮೂರು ಪದ.
ಅದರಲ್ಲೊಂದು ತಪ್ಪು, ಎನ್ನುತ್ತಾಳೆ ನಿವೆಸ್.

ಸಂಜೆ ಆರಕ್ಕೆ ಹಬ್ತೊಮ್ ಬರುತ್ತಾನೆ,
ಚರ್ಮ ಹದಮಾಡುವಲ್ಲಿ ಪಾಳಿ ಮುಗಿಸಿ,
ಎಷ್ಟು ತಿಕ್ಕಿದರೂ ಹೋಗದ ಘಾಟು ಹೊತ್ತು.
ಕೆರೆನ್ ಊರಿನ ಸೆಮಿನರಿಯಲ್ಲಿ ಲ್ಯಾಟಿನ್ ಬಾಯಿಪಾಠ ಮಾಡಿ
ಪಾದ್ರಿಯಾಗುವ ಮೊದಲೇ ಎದ್ದುಬಂದವನು.
ತೊಗಲಿನ ಹಾಳೆ ಕೈಗೆ ಬಂದರೆ
ಓದುವ ಮುಂಚೆ ಬೆರಳಲ್ಲಿ ಸವರಿ ಹೇಳುತ್ತಾನೆ:
ಇದು ಕುರಿ. ಇದು ಕರು. ಇದು ತುಂಬ ಎಳೆಯ ಕರು.

ಚಿತ್ರವನ್ನು ಅಕ್ಷರ ಮಾಡುವುದು ಯಂತ್ರದ ಪಾಲು.
ಅದಕ್ಕೊಂದು ಚಾಳಿ.
ಮೂರು ಕಾಲಿನ ಎಮ್ ಕಂಡರೆ ಸೀಳಿ
ಆರ್, ಎನ್ ಎಂದು ಇಬ್ಬರನ್ನು ಮಾಡಿ ಕೂರಿಸುತ್ತದೆ.
ಹೀಗೆ ಮೊದಲ ನಾಲ್ಕು ಸಾವಿರ ಪುಟದಲ್ಲಿ
ಅಮೋ ಎಂದಿದ್ದದ್ದು, ಪ್ರೀತಿಸುತ್ತೇನೆ ಎಂದಿದ್ದದ್ದು,
ಆರ್ನೋ ಆಗಿ ಹರಿದಿತ್ತು.
ದಂಡಿನಿಂದ ಹೆಂಡತಿಗೆ ಬರೆದ ಕಾಗದ: ನಿನ್ನನ್ನು ಆರ್ನೋ.
ಸತ್ತ ನಾಯಿಗೆ ಕಟ್ಟಿದ ನಾಲ್ಕು ಸಾಲು: ಈಗಲೂ ಆರ್ನೋ.
ಹಬ್ತೊಮ್ ಮೇಜು ಬಡಿದು ನಕ್ಕ.
ನಿವೆಸ್ ಕಿಟಕಿಯತ್ತ ನೋಡಿದಳು.

ಅರವತ್ತಾರರ ನವೆಂಬರಿನಲ್ಲಿ ಇದೇ ಆರ್ನೋ
ಕದ ತಟ್ಟದೆ ಒಳಗೆ ಬಂದಿತ್ತು.
ಹದಿನಾರರ ಹುಡುಗಿ, ಅಣ್ಣನ ಬೂಟು,
ಕಪಾಟಿನಿಂದ ಎತ್ತಿದರೆ ಪುಸ್ತಕವಲ್ಲ, ಇಟ್ಟಿಗೆ.
ತಂಬಾಕು ಒಣಗಿಸುವ ಗೂಡುಗಳಲ್ಲಿ
ಹಾಳೆ ಹಾಳೆ ನೇತುಹಾಕಿದರು;
ಇವತ್ತಿಗೂ ಕೆಲವನ್ನು ಬಿಡಿಸಿದರೆ ಸೀನು ಬರುತ್ತದೆ.
ಅಳಿಯದ್ದು ಎಂದು ಅಕ್ಷರಕ್ಕೆ ಹೆಸರಿಟ್ಟವರು
ಹೊಳೆಯ ಪಕ್ಕ ಮನೆ ಮಾಡಿದವರಲ್ಲ.

ಬೆಲೆ ಕಟ್ಟೋಣ, ಬೀಗ ಹಾಕಿ ಮಾರೋಣ ಎಂದು
ಮಿಲಾನಿನಿಂದ ಒಬ್ಬ ಬಂದಿದ್ದ, ಒಳ್ಳೆಯ ಬೂಟಿನವನು.
ಕೆಸರು ತೊಳೆದವರು ಕೂಲಿ ಕೇಳಲಿಲ್ಲ, ಎಂದಳು ನಿವೆಸ್.
ಅಷ್ಟೇ. ಕಾಫಿ ಕೊಟ್ಟು ಕಳಿಸಿದಳು.

ಒಂದೇ ಏಟಿಗೆ ತಿದ್ದಿಬಿಡೋಣ, ಎಂದ ದುಯಿಲಿಯೊ,
ಎಲ್ಲ ಆರ್ನೋವನ್ನೂ ಅಮೋ ಮಾಡು ಅಂದರೆ ಯಂತ್ರ ಮಾಡುತ್ತೆ.
ತಡಿ, ಎಂದ ಹಬ್ತೊಮ್. ಕೆಲವು ಕಡೆ ಅದು ನದಿಯೇ.
ಆಗಲೂ ಇತ್ತಲ್ಲ ನದಿ, ಹೆಚ್ಚುಕಮ್ಮಿ ಇದೇ ಹೆಸರಲ್ಲಿ.
ಸಾರಾಸಗಟು ತಿದ್ದಿದರೆ ಯಾವನೋ ದೋಣಿಯವನು
ಪ್ರೀತಿಯ ಮೇಲೆ ಮರಳು ಸಾಗಿಸಿದಂತಾಗುತ್ತೆ.

ಹಾಗಾಗಿ ಒಂದೊಂದನ್ನೇ, ಕಣ್ಣಲ್ಲಿ.
ಮುನ್ನೂರ ಹನ್ನೆರಡು. ಹನ್ನೊಂದು ಕಡೆ ನದಿ.
ಉಳಿದಲ್ಲೆಲ್ಲ ಯಾರೋ ಯಾರನ್ನೋ.
ಒಂದು ಮಾತ್ರ ಕೈಗೆ ಸಿಗಲಿಲ್ಲ.
ಸಾಲಿನ ಅರ್ಧ ಕೆಸರಿನ ಕಲೆ,
ಉಳಿದರ್ಧ: ರಾತ್ರಿಯೆಲ್ಲ ಕಿಟಕಿ ತೆರೆದೇ ಇತ್ತು,
ಆಮೇಲೆ ಆ ಪದ.
ಮೂವರೂ ಭೂತಗನ್ನಡಿ ಹಿಡಿದರು.
ಎಮ್, ಅಂದಳು ನಿವೆಸ್. ಎರಡಕ್ಷರ, ಅಂದ ಹಬ್ತೊಮ್.
ದುಯಿಲಿಯೊ ದೀಪವನ್ನು ಇನ್ನಷ್ಟು ಹತ್ತಿರ ಹಿಡಿದ.

ಪದವಿರಬೇಕಾದಲ್ಲಿ ಖಾಲಿ ಬಿಟ್ಟು, ಪಕ್ಕಕ್ಕೆ ಚಿತ್ರ ಇಟ್ಟು,
ಪುಟವನ್ನು ಹೊರಗೆ ಬಿಟ್ಟರು, ಯಾರು ಬೇಕಾದರೂ ಬರಲಿ.
ಒಂಬತ್ತೂವರೆ. ಸೇತುವೆ ದಾಟುವಾಗ
ಕೆಳಗೆ ನೀರು ಮೊಣಕಾಲಷ್ಟು, ಗುಂಡುಕಲ್ಲ ಮೇಲೊಂದು ಕೊಕ್ಕರೆ.
ಗಂಡಸರಿಬ್ಬರೂ ಫುಟ್‌ಬಾಲ್ ಮಾತಾಡುತ್ತ ಮುಂದೆ ಹೋದರು.
ನಿವೆಸ್ ದಿನದಂತೆ ಕಂಬದ ಬಳಿ ನಿಂತು
ಗೆರೆ ನೋಡಿದಳು, ಆ ವರುಷದ್ದು,
ಅವಳ ತಲೆಗಿಂತ ಒಂದು ಮೊಳ ಮೇಲೆ.